ತಮ್ಮನ್ನ ಬಿಟ್ಟು ಮೂರು ವರ್ಷ ಆತು, ಧಾರವಾಡದ ಹೊರಗಿನ ಆ ಕೇರ್ ಹೋಮ್ ಹೆಂಗೈತಿ ಅಂದ್ರ

ಮೊದಲ ಹೇಳಿಬಿಡ್ತೀನಿ, ಹೋಮಿನ ಹೆಸರು ಬರಿಯಂಗಿಲ್ಲ, ನನ್ನ ತಮ್ಮ ಇನ್ನೂ ಅಲ್ಲೇ ಅದಾನ. ಅವಂಗ ಈಗ 38, ಸ್ಕಿಜೋಫ್ರೇನಿಯಾ (ಇಲ್ಲದ ಮಾತು ಕಿವ್ಯಾಗ ಕೇಳಸೋವಂಥಾ ಮಾನಸಿಕ ರೋಗ) ಅಂತ ಡಾಕ್ಟ್ರು ಹೇಳಿ 14 ವರ್ಷ ಆತು. ನಾವು ರೋಣ ತಾಲೂಕಿನವ್ರು, ನಮ್ಮ ಕಡೆ ಯಾರರ ಸ್ವಲ್ಪ ಅಡ್ಡಾತಿಡ್ಡಿ ಮಾತಾಡಿದ್ರ ಸಾಕು "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ, ಅಂದ್ರ ಅಲ್ಲಿನ ಮಾನಸಿಕ ಆಸ್ಪತ್ರಿಗೆ ಅಂತ, ಚ್ಯಾಷ್ಟಿ ಮಾಡ್ತಾರ, ಹಂಗಾಗಿ ಖರೇನ ಧಾರವಾಡಕ್ಕ ಕಳಸೋ ಪ್ರಸಂಗ ಬಂದಾಗ ಅವ್ವ ಊರಾಗೆಲ್ಲಾ ಮಗಾ ಫ್ಯಾಕ್ಟರಿ ಕೆಲಸಕ್ಕ ಹೋಗ್ಯಾನ ಅಂದ್ಳು. ಇವತ್ತಿಗೂ ಹಂಗ ಹೇಳ್ತಾಳ.

ಇದಕ್ಕಿಂತ ಮೊದಲ ಬ್ಯಾರೆ ಒಂದು ಕಡೆ 4 ತಿಂಗಳ ಇಟ್ಟಿದ್ವಿ. ಬಿಟ್ಟು ಬಂದ ಮರುವಾರ ನೋಡಾಕ ಹೋದ್ರ ತಲಿ ಬೋಳಿಸಿ ನೀಲಿ ಅಂಗಿ ಹಾಕಿ ಕುಂದ್ರಿಸಿದ್ರು, ಹೇನು ಆಗಬಾರದಂತ ಬೋಳಿಸೇವ್ರಿ ಅಂದ್ರು, ನಾನೂ ಹೂಂ ಹೂಂ ಅಂತ ತಲಿ ಅಲ್ಲಾಡಿಸಿ ಬಂದೆ. ಆಮ್ಯಾಲ ತಿಳೀತು, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಜುಲುಮಿಲೆ ತಲಿ ಬೋಳಿಸಂಗಿಲ್ಲ, ಯುನಿಫಾರ್ಮ್ ಹಾಕ್ಕೋ ಅಂತ ಒತ್ತಾಯ ಮಾಡಂಗಿಲ್ಲ, ಸರಪಳಿ ಹಾಕೋದಂತೂ ಇಲ್ಲೇ ಇಲ್ಲ, ಕೆಲಸ ಮಾಡಿಸಿದ್ರ ಅದಕ್ಕ ರೊಕ್ಕ ಕೊಡಬೇಕು ಅಂತನೂ ಐತಿ. ಗೊತ್ತಿದ್ರ ಅವತ್ತ ಕರಕೊಂಡು ಬರ್ತಿದ್ದೆ.

ಅದಕ್ಕ ಈಗಿನ ಹೋಮ್ ನೋಡಾಕ ಹೋದಾಗ ನಾನು ಮೊದಲ ನೋಡಿದ್ದು ಹಿತ್ತಲದಾಗ ಒಣಾಕ ಹಾಕಿದ ಅರಿವಿ. ಬ್ಯಾರೆ ಬ್ಯಾರೆ ಬಣ್ಣದ ಅಂಗಿ, ಒಂದು ಚೌಕಡಿ ಲುಂಗಿ, ಯಾರದೋ ಆರ್‌ಸಿಬಿ ಟೀಶರ್ಟ್. ಇಲ್ಲೇ ಬಿಡೂಣ್ರಿ ಅಂದೆ ನಮ್ಮನಿಯವ್ರಿಗೆ. ಅವ್ರು ಅರಿವಿ ನೋಡಿ ಮಂದೀನ ಬಿಡ್ತಾರೇನು ಅಂತ ನಕ್ಕು, ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಸರ್ಟಿಫಿಕೇಟ್ ಕೇಳಿದ್ರು. ತೋರಿಸಿದ್ರು. ಎರಡೂ ನೋಡ್ರಿ ನೀವು.

ಒಟ್ಟು 22 ಮಂದಿ ಅದಾರ. ಆರಕ್ಕ ಏಳಬೇಕು, ತಮ್ಮ ತಮ್ಮ ಹಾಸಿಗಿ ತಾವ ಸುತ್ತಿ ಇಡಬೇಕು, ಚಾ, ವಾಕಿಂಗ್, ಆಮ್ಯಾಲ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಮನ್ಯಾಗ ಹದಿನೈದು ದಿನಕ್ಕೊಮ್ಮೆ ಜಳಕಾ ಮಾಡಿಸಬೇಕಾದ್ರ ಯುದ್ಧ ಆಗ್ತಿತ್ತು, ಅದೇ ಮನುಷ್ಯಾ ಈಗ ಜಳಕಾ ಮುಗಿಸಿ ರೊಟ್ಟಿ ಬಡಿಯೋ ಅಕ್ಕಾರ ಬಾಜೂಕ ಕುಂತು ಜ್ವಾಳದ ಹಿಟ್ಟು ನಾದಿ ಕೊಡ್ತಾನ. ಬಿಸಿನೀರು ಕಡಿಮಿ ಆದ್ರ ರೊಟ್ಟಿ ಹರಿತೈತಿ ಅಂತ ನನಗ ಪಾಠ ಹೇಳ್ತಾನ! ದಿನಕ್ಕ 40 ರೂಪಾಯಿ ಬರಿತಾರ ಅವನ ಪುಸ್ತಕದಾಗ. ಒಂದಿನ ಸ್ಟಾಫ್ ಜೋಡಿ ಬಸ್ಸಿನ್ಯಾಗ ಲೈನ್ ಬಜಾರಕ್ಕ ಹೋಗಿ ಅದರಾಗಿನ ರೊಕ್ಕದಿಂದ ಪೇಡೆ ತಗೊಂಡಿದ್ದ, ನಾ ಹೋಗೂದ್ರಾಗ ಪೊಟ್ಣದಾಗ ಎರಡ ಉಳದಿದ್ವು, ಇರುವಿ ಮುತ್ತಿದ್ವು, ಊದಿ ಊದಿ ತೆಗದು "ಅಕ್ಕಾ ತಿನ್ನು" ಅಂತ ಕೊಟ್ಟ. ತಿಂದೆ.

ರೋಗ ಹೋಗಿಲ್ರಿ, ಆ ಆಸೆ ಯಾರೂ ಇಟ್ಕೊಬ್ಯಾಡ್ರಿ. ಕಿವ್ಯಾಗ ಮಾತಾಡೋರು ಈಗೂ ಮಾತಾಡ್ತಾರಂತ, "ಆದ್ರ ಕೆಲಸ ಇದ್ದಾಗ ದೂರ ನಿಂತು ಮಾತಾಡ್ತಾರ" ಅಂತಾನ. ಫರಕ್ ಆಗಿದ್ದು ನನಗೂ ಅವಂಗೂ ನಡುವ. ಮನ್ಯಾಗಿದ್ದಾಗ ನಾ ಅವಂಗ ಪೊಲೀಸ್ ಆಗಿದ್ದೆ, ಗುಳಿಗಿ ನುಂಗಿದ್ಯೇನು, ಬಾಯಿ ತಗಿ, ನಾಲಿಗಿ ಎತ್ತು. ಈಗ ಆ ಕೆಲಸ ಸಿಸ್ಟರ್ ಮಾಡ್ತಾರ, ನಾ ಹೋದ್ರ ಅಕ್ಕ ಆಗಿ ಹೋಗ್ತೀನಿ, ಗಿರ್ಮಿಟ್ ಒಯ್ತೀನಿ, ಇಬ್ಬರೂ ತಿಂತೀವಿ.

ಇನ್ನ ತಕರಾರು. ಅವಂಗ ಈ ರೋಗಕ್ಕ ಕ್ಲೋಜಪಿನ್ ಅನ್ನೋ ಗುಳಿಗಿ ಐತಿ, ಡಿಮ್ಹಾನ್ಸ್ (ಧಾರವಾಡದ ಅದೇ ಮಾನಸಿಕ ಆಸ್ಪತ್ರಿ) ಒಪಿಡಿಯಾಗ ತೋರಿಸ್ತೀವಿ. ಈ ಗುಳಿಗಿ ಶುರು ಮಾಡಿದಾಗ ವಾರಕ್ಕೊಮ್ಮೆ ರಕ್ತ ತಪಾಸಣಿ, ಆಮ್ಯಾಲ ತಿಂಗಳಿಗೊಮ್ಮೆ, ಯಾಕಂದ್ರ ಕೆಲವ್ರಿಗೆ ಬಿಳಿ ರಕ್ತಕಣ ಇಳಿದು ಜೀವಕ್ಕ ಕುತ್ತು ಬರತೈತಿ. ಹೋಮಿಗೆ ಸೇರಿಸಿದ ಹೊಸದಾಗಿ ಇವರು ಅವನ ಬೀಡಿ ಒಮ್ಮೆಲೆ ಬಂದ್ ಮಾಡಿದ್ರು, ದಿನಕ್ಕ ಒಂದು ಕಟ್ಟು ಸೇದೋನು, ಚಲೋನ ಆತಂತ ನಾವೂ ಖುಷಿಪಟ್ವಿ. ಹತ್ತ ದಿನದಾಗ ಹಗಲೆಲ್ಲಾ ತೂಕಡಿಕಿ, ಜೊಲ್ಲಿಗೆ ದಿಂಬು ತೊಯ್ದು ಹೋಗೋದು, ಮಾತು ತೊದಲೋದು. ಕಳ್ಳ ಮಲಗ್ಯಾನ ಅಂತ ಸ್ಟಾಫ್ ಬೈತಿದ್ರಂತ. ಡಾಕ್ಟ್ರ ಹೇಳಿದ್ದು ಬ್ಯಾರೇನ: ಬೀಡಿ ಹೊಗಿ ಇದ್ದಾಗ ಮೈ ಈ ಔಷಧಾ ಲಗೂನ ಕರಗಿಸಿ ಬಿಡತೈತಿ, ಬೀಡಿ ಬಿಟ್ರ ಅದೇ ಡೋಸ್ ರಕ್ತದಾಗ ಏರತೈತಿ. ಡೋಸ್ ಇಳಿಸಿದ ಮ್ಯಾಲ ಎದ್ದು ಕುಂತ. ಇಂಥಾ ಗುಳಿಗಿ ಕೊಡೋ ಹೋಮಿನವ್ರಿಗೆ ಇದು ಮೊದಲ ಗೊತ್ತಿರಬೇಕಿತ್ತು ಅಂತ ನನ್ನ ಸಿಟ್ಟು.

ಅದಕ್ಕಿಂತ ದೊಡ್ಡ ಸಿಟ್ಟು ಜ್ವರದ್ದು. ಎರಡನೇ ವರ್ಷ ಮಳಿಗಾಲದಾಗ ಎರಡ ದಿನ ಜ್ವರ, ಗಂಟಲ ನೋವು, ಇವರು ಪ್ಯಾರಾಸಿಟಮಾಲ್ ಕೊಟ್ಟು ಸುಮ್ನಾಗ್ಯಾರ, ನನಗ ಫೋನೇ ಇಲ್ಲ. ಈ ಗುಳಿಗಿ ತಗೊಳ್ಳೋರಿಗೆ ಜ್ವರ ಬಂದ್ರ ಅವತ್ತ ರಕ್ತ ತಪಾಸಣಿ ಆಗಬೇಕು. ಮೂರನೇ ದಿನ ನಾನ ಸಹಜ ಫೋನ್ ಹಚ್ಚಿದಾಗ ಅಡಗಿಯವ್ರು ಬಾಯಿ ಬಿಟ್ರು, ಸಿಕ್ಕ ಬಸ್ ಹತ್ತಿ ಓಡಿ ಬಂದೆ, ದೇವರ ದಯಾ ಕೌಂಟ್ ಬರೋಬರಿ ಇತ್ತು. ಮ್ಯಾನೇಜರ್ ಸರ್ ಕ್ಷಮಾ ಕೇಳಿದ್ರು. ನಾನು ಒಂದು ದಪ್ಪ ಹಾಳಿ ಮ್ಯಾಲ "ಜ್ವರ ಬಂದ್ರ ಅವತ್ತ ರಕ್ತ ತಪಾಸಣಿ, ಅಕ್ಕಗ ಫೋನ್" ಅಂತ ಬರದು ಗುಳಿಗಿ ಕಪಾಟಿಗೆ ಅಂಟಿಸಿ ಬಂದೇನಿ. ಈಗ ಅದರ ಕೆಳಗ ಇನ್ನೂ ಮೂರು ಮಂದಿ ಮನಿಯವ್ರು ತಮ್ಮ ಹಾಳಿ ಅಂಟಿಸ್ಯಾರ.

ರಾತ್ರಿ ಇಬ್ಬರ ಸ್ಟಾಫ್, ಅವರೂ ಆರು ತಿಂಗಳಿಗೆ ಬದಲಿ. ಪಗಾರ ಕಡಿಮಿ, ಯಾರು ನಿಲ್ತಾರ? ಹೊಸಾ ಹೋಮ್ ನೋಡೋರು ಹಗಲ ಹನ್ನೊಂದಕ್ಕ ಹೋಗಬ್ಯಾಡ್ರಿ, ರಾತ್ರಿ ಊಟದ ಹೊತ್ತಿಗೆ ಹೋಗ್ರಿ. ಊಟಕ್ಕ ತಕರಾರಿಲ್ಲ, ಸಂಡಾಸ ಸ್ವಚ್ಛ ಅದಾವ.

ಹೋದ ಪಂಚಮಿಗೆ ನಾಕ ದಿನ ಊರಿಗೆ ಕರಕೊಂಡು ಹೋಗಿದ್ವಿ. ಉಂಡಿ ತಿಂದ, ಹುಡುಗ್ರಿಗೆ ಜೋಕಾಲಿ ತೂಗಿದ. ಮೂರನೇ ರಾತ್ರಿ ಮಲಗಲಿಲ್ಲ, ಅಂಗಳದಾಗ ಓಡಾಡಾಕ ಹತ್ತಿದ, ನಾ ಗಾಬರಿಯಾಗಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚಿದೆ, ಕನ್ನಡದಾಗ ಸಮಾಧಾನಲೆ ಮಾತಾಡಿದ್ರು, ಮುಂಜಾನೆ ಡಾಕ್ಟ್ರಿಗೆ ಫೋನ್ ಮಾಡಿದ್ವಿ. ನಾಕನೇ ದಿನ ಅವನ ಚೀಲಾ ತುಂಬಿಕೊಂಡು "ರೊಟ್ಟಿ ಅಕ್ಕಾರು ಒಬ್ಬರ ನಾದಾಕತ್ತಿರಬೇಕು, ನಡಿ" ಅಂದ. ಅವ್ವಗ ಅದು ಕೇಳಿ ಅಳು ಬಂತು, ಮಗಾ ಮನಿ ಬ್ಯಾಡ ಅಂದ ಅಂತ. ನನಗ ಹಂಗ ಅನಸಲಿಲ್ಲ.

5ಕ್ಕ ಮೂರೂವರಿ ಸ್ಟಾರ್. ಶುರುವಿಗೆ ತಿಂಗಳಿಗೆ 14 ಸಾವಿರ ಇತ್ತು, ಔಷಧಾ ಬ್ಯಾರೆ. ಬರೋ ತಿಂಗಳಿಂದ 18 ಅಂತ ವಾಟ್ಸಾಪಿನ್ಯಾಗ ಒಂದ ಸಾಲ ಹಾಕಿ ಕುಂತಾರ. ರಾತ್ರಿಗೆ ಮೂರನೇ ಸ್ಟಾಫ್ ಇಡ್ತೀರೇನು ಅಂತ ಕೇಳೇನಿ, ಉತ್ತರ ಬಂದ್ರ ಇಲ್ಲೇ ಬರಿತೀನಿ.