ಫ್ರೀಕ್ಯಾಡ್ ಎಫ್‌ಇಎಂ: ಸಣ್ಣ ವರ್ಕ್‌ಶಾಪ್‌ನವರು ಬಳಸಲೇಬೇಕಾದ ಸಾಫ್ಟ್‌ವೇರ್

ದುಬಾರಿ ಸಿಮ್ಯುಲೇಶನ್ ಸಾಫ್ಟ್‌ವೇರ್ ಕೊಳ್ಳುವುದು ಪೀಣ್ಯದಂಥ ಕಡೆಯ ಸಣ್ಣ ವರ್ಕ್‌ಶಾಪ್‌ಗಳಿಗೆ ಆಗದ ಮಾತು. ಹಾಗಾಗಿ ಅನುಮಾನ ಬಂದ ಕಡೆಯೆಲ್ಲ ದಪ್ಪ ಪ್ಲೇಟ್ ಹಾಕಿಬಿಡುತ್ತೇವೆ, ಅಲ್ವಾ? ಈ ಅಭ್ಯಾಸ ಬಿಡಿಸುವ ಸಾಫ್ಟ್‌ವೇರ್ ಪೂರ್ತಿ ಉಚಿತವಾಗಿ ಸಿಗುತ್ತದೆ. ಅದೇ ಫ್ರೀಕ್ಯಾಡ್ ಅನ್ನುವ 3ಡಿ ಡಿಸೈನ್ ಸಾಫ್ಟ್‌ವೇರ್, ಅದರೊಳಗಿನ ಎಫ್‌ಇಎಂ ವರ್ಕ್‌ಬೆಂಚ್. ಪಾರ್ಟನ್ನು ಸಣ್ಣ ಸಣ್ಣ ತುಂಡು ಮಾಡಿ ಎಲ್ಲಿ ಎಷ್ಟು ಸ್ಟ್ರೆಸ್ (ಒಳಗಿನ ಒತ್ತಡ) ಬೀಳುತ್ತದೆ, ಎಷ್ಟು ಬಾಗುತ್ತದೆ ಅಂತ ಲೆಕ್ಕ ಹಾಕುವ ಭಾಗ ಅದು.

ಉಚಿತ ಅಂದ ಮಾತ್ರಕ್ಕೆ ಹಗುರವಾಗಿ ನೋಡಬೇಡಿ. ಒಳಗೆ ಲೆಕ್ಕ ಮಾಡುವ ಕ್ಯಾಲ್ಕ್ಯುಲಿಕ್ಸ್ ಸಾಲ್ವರನ್ನು ಕಟ್ಟಿದವರು ಜರ್ಮನಿಯ ಎಂಟಿಯು ಏರೋ ಎಂಜಿನ್ಸ್‌ನಲ್ಲಿ ವಿಮಾನದ ಎಂಜಿನ್ ಕೆಲಸದಲ್ಲಿದ್ದವರು. ಮೆಶ್ ಮಾಡುವ, ಅಂದರೆ ಪಾರ್ಟನ್ನು ಆ ಸಣ್ಣ ತುಂಡುಗಳಾಗಿ ಒಡೆಯುವ ಜಿಮೆಶ್ ಕೂಡ ಒಳ್ಳೆಯದೇ.

ಒಂದು ಮೋಟಾರ್ ಬ್ರಾಕೆಟ್ ತಗೊಳ್ಳಿ. 10 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಚದರ ಮೀಟರಿಗೆ ಸುಮಾರು 78 ಕೆಜಿ ತೂಗುತ್ತದೆ, 6 ಎಂಎಂ ಆದರೆ 47 ಕೆಜಿ. ಆದರೆ ಬರೀ ದಪ್ಪ ಇಳಿಸಿದರೆ ಪ್ಲೇಟ್ ನಾಲ್ಕೂವರೆ ಪಟ್ಟು ಜಾಸ್ತಿ ಬಾಗುತ್ತದೆ, ಯಾಕೆಂದರೆ ಬಾಗದೆ ನಿಲ್ಲುವ ಬಿಗಿತ ದಪ್ಪದ ಘನದ ಲೆಕ್ಕದಲ್ಲಿ ಬೀಳುತ್ತದೆ. ಅದೇ 6 ಎಂಎಂಗೆ ಸರಿಯಾದ ಜಾಗದಲ್ಲಿ ಒಂದು ಗಸೆಟ್ (ಮೂಲೆಗೆ ಆಧಾರ ಕೊಡುವ ತ್ರಿಕೋನ ಪ್ಲೇಟ್) ಹಾಕಿ ನೋಡಿ, ಚಿತ್ರವೇ ಬದಲಾಗುತ್ತದೆ. ಸ್ಟ್ರೆಸ್ ಜಾಸ್ತಿ ಇರುವ ಕಡೆ ಕೆಂಪಾಗಿ ತೋರಿಸುವುದರಿಂದ ಆ ಜಾಗ ಯಾವುದು ಅಂತ ಬಣ್ಣದಲ್ಲೇ ಕಾಣುತ್ತದೆ. ಸ್ಟ್ರೆಸ್ ಒಂದೇ ನೋಡಿದರೆ ಸಾಲದು, ಫ್ರೀಕ್ವೆನ್ಸಿ ಅನಾಲಿಸಿಸ್ ಕೂಡ ಓಡಿಸಿ. 1440 ಆರ್‌ಪಿಎಂ ಮೋಟಾರ್ ಅಂದರೆ 24 ಹರ್ಟ್ಸ್, ಬ್ರಾಕೆಟ್‌ನ ಸಹಜ ಕಂಪನ ಅದರ ಹತ್ತಿರ ಬಂದರೆ ಎಷ್ಟು ಗಟ್ಟಿ ಪ್ಲೇಟ್ ಇದ್ದರೂ ನಡುಗಿ ನಡುಗಿ ವೆಲ್ಡಿಂಗ್ ಬಿಟ್ಟುಕೊಳ್ಳುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಸ್ಪ್ರೆಡ್‌ಶೀಟ್. ದಪ್ಪ, ಗಸೆಟ್‌ನ ಎತ್ತರ, ತೂತಿನ ಅಳತೆ ಎಲ್ಲ ಒಂದು ಹಾಳೆಯಲ್ಲಿ ಬರೆದು ಮಾಡೆಲ್‌ಗೆ ಕಟ್ಟಿದರೆ, ಒಂದು ಸಂಖ್ಯೆ ಬದಲಿಸಿ ಮತ್ತೆ ಮೆಶ್ ಮಾಡಿ ಮತ್ತೆ ಓಡಿಸಬಹುದು. ಸ್ವಲ್ಪ ಪೈಥಾನ್ ಬಂದರೆ ಆ ಕೆಲಸವನ್ನೂ ಕಂಪ್ಯೂಟರಿಗೇ ಬಿಡಬಹುದು. ಮೊದಲೆಲ್ಲ ಅಳತೆ ಬದಲಿಸಿದರೆ, ಮಾಡೆಲ್‌ನ ಒಂದು ಮುಖಕ್ಕೆ ಕೊಟ್ಟ ಲೋಡ್ ಬೇರೆ ಮುಖಕ್ಕೆ ಹೋಗಿ ಕೂರುತ್ತಿತ್ತು. 2024ರಲ್ಲಿ ಬಂದ 1.0 ಆವೃತ್ತಿಯಲ್ಲಿ ಆ ಕಾಟ ಬಹಳ ಕಡಿಮೆಯಾಗಿದೆ, ಹಳೆಯದನ್ನು ಬಳಸುತ್ತಿದ್ದರೆ ದಯವಿಟ್ಟು ಬದಲಿಸಿ.

ಸುಮ್ನೆ ಕೆಂಪು ಬಣ್ಣ ನೋಡಿ ಹೆದರಬೇಡಿ. ಒಳಮೂಲೆ ಚೂಪಾಗಿದ್ದರೆ ಮೆಶ್ ಸಣ್ಣದು ಮಾಡಿದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಅದು ನಿಜವಾದ ಸಂಖ್ಯೆಯೇ ಅಲ್ಲ. ನಿಜವಾದ ಪಾರ್ಟ್‌ನಲ್ಲಿ ಇರುವಂತೆ ಫಿಲೆಟ್ ಕೊಟ್ಟು, ಅಂದರೆ ಮೂಲೆಯನ್ನು ದುಂಡಗೆ ಮಾಡಿ, ಆಮೇಲೆ ಓದಿ. ಮೆಶ್ ಸೆಕೆಂಡ್ ಆರ್ಡರ್ (ತುಂಡಿನ ಅಂಚು ಬಾಗಬಲ್ಲದ್ದು) ಇರಲಿ, ಅಂಚು ನೇರವಾಗೇ ಉಳಿಯುವ ಫಸ್ಟ್ ಆರ್ಡರ್ ಟೆಟ್ರಾ (ನಾಲ್ಕು ಮುಖದ ತುಂಡು) ಪಾರ್ಟನ್ನು ಇರುವುದಕ್ಕಿಂತ ಗಟ್ಟಿ ಅಂತ ತೋರಿಸುತ್ತದೆ. ಇ250 ದರ್ಜೆಯ ಮೈಲ್ಡ್ ಸ್ಟೀಲಿನ ಯೀಲ್ಡ್, ಅಂದರೆ ಶಾಶ್ವತವಾಗಿ ಬಾಗಲು ಶುರುವಾಗುವ ಸ್ಟ್ರೆಸ್, 250 ಎಂಪಿಎ, ಅದಕ್ಕಿಂತ ಎಷ್ಟು ಕೆಳಗೆ ನಿಲ್ಲಬೇಕು ಅನ್ನುವುದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ, ನೀವೇ ತೀರ್ಮಾನಿಸಬೇಕು.

ಕೊರತೆ? ಕಲಿಯುವುದಕ್ಕೆ ತಾಳ್ಮೆ ಬೇಕು. ಮೆನುಗಳು ಚದುರಿಹೋಗಿವೆ, ಎರರ್ ಬಂದರೆ ಅದರ ಮಾತು ಹೊಸಬರಿಗೆ ಅರ್ಥವಾಗುವುದು ಕಷ್ಟ. ಬೋಲ್ಟ್ ಹಾಕಿದ ಎರಡು ಪ್ಲೇಟ್ ಒಂದಕ್ಕೊಂದು ಉಜ್ಜುವ ಕಾಂಟ್ಯಾಕ್ಟ್ ಲೆಕ್ಕಗಳು ನಿಧಾನ, ಎಷ್ಟೋ ಸಲ ಉತ್ತರಕ್ಕೇ ಬರುವುದಿಲ್ಲ. ಅಂಥ ಕೆಲಸವನ್ನು ನಾನು ಹೊರಗೆ ದುಡ್ಡು ಕೊಟ್ಟೇ ಮಾಡಿಸುತ್ತೇನೆ, ಉಳಿದದ್ದೆಲ್ಲ ಇದರಲ್ಲೇ.