ಪೈನ್ ಸೊರಗಿದರೆ: ಮರ ಕಡಿಯಬೇಕೋ, ಕೊಂಬೆ ಸವರಬೇಕೋ?

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಿಮ್ಮ ಜಾಗದ ಪೈನ್ ಸೊರಗಿದೆಯೇ? ಮೊದಲು ಕಾಂಡ ನೋಡಿ.

ತೊಗಟೆಯ ಮೇಲೆ ಅಂಟಿನ ಉಂಡೆಗಳು, ಬುಡದಲ್ಲಿ ಹುಡಿ ಇದ್ದರೆ ಪೈನ್ ದುಂಬಿಯ ಕೆಲಸ. ಅಕ್ಕಿಕಾಳಿನಷ್ಟಿರುವ ಇದು ತೊಗಟೆಯಡಿ ಮೊಟ್ಟೆಯಿಡುವಾಗ ನೀಲಿ ಬಣ್ಣ ಹಿಡಿಸುವ ಶಿಲೀಂಧ್ರವನ್ನೂ ಹೊತ್ತು ತಂದು, ಮರದೊಳಗೆ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಇಂಥ ಮರವನ್ನು ಉಳಿಸಲಾಗದು. ಎಲೆ ಇನ್ನೂ ಹಸಿರಿರುವಾಗಲೇ, ಬೇಸಿಗೆಯಲ್ಲಿ ಹೊಸ ದುಂಬಿಗಳು ಹಾರುವ ಮುನ್ನ ಕಡಿದು ತೊಗಟೆ ಸುಲಿಯಿರಿ. ಪೂರ್ತಿ ಕೆಂಪಾದ ಮರಕ್ಕೆ ಕೊಡಲಿ ಹಾಕುವವರನ್ನು ಕಂಡರೆ ಸಂಕಟವಾಗುತ್ತದೆ. ದುಂಬಿ ಆಗಲೇ ಪಕ್ಕದ ಹಸಿರು ಮರಕ್ಕೆ ಹೋಗಿರುತ್ತದೆ.

ಪೈನ್ ಸೊರಗಲು ಇನ್ನೊಂದು ಕಾರಣ ತುಕ್ಕು ರೋಗ. ಬೇರೊಂದು ಶಿಲೀಂಧ್ರದಿಂದ ಬರುವ ಇದರ ಬಗೆಯೇ ಬೇರೆ. 1910ರಲ್ಲಿ ಫ್ರಾನ್ಸ್‌ನ ಸಸಿಗಳೊಂದಿಗೆ ವ್ಯಾಂಕೂವರಿಗೆ ಬಂದ ಈ ಶಿಲೀಂಧ್ರ, ಐದೈದು ಸೂಜಿಯೆಲೆಗಳ ಗೊಂಚಲಿರುವ ಪೈನ್‌ಗಳನ್ನಷ್ಟೇ ಹಿಡಿಯುತ್ತದೆ. ವಸಂತದಲ್ಲಿ ರೋಗ ತಗುಲಿದ ತೊಗಟೆಯ ಮೇಲೆ ಕಿತ್ತಳೆ ಗುಳ್ಳೆ ಏಳುತ್ತದೆ. ಗಾಯ ಕಾಂಡಕ್ಕೆ ಇಳಿದಿಲ್ಲವಾದರೆ ಕೊಡಲಿ ಬೇಡ, ಕೆಳಗಿನ ಕೊಂಬೆ ಸವರಿದರೆ ಮರ ಉಳಿದೀತು.