ಟ್ರ್ಯಾಕ್‌ಗೆ ಬ್ರೇಕ್ ರೆಡಿ ಮಾಡಿಕೊಡ್ತೀವಿ ಅನ್ನೋರನ್ನ ನಂಬೋ ಮುಂಚೆ ನಿಪ್ಪಲ್ ಎಲ್ಲಿದೆ ನೋಡಿ

ರೇಸ್ ಟ್ರ್ಯಾಕ್‌ಗೆ ಹೋಗೋ ಮುಂಚೆ ಬ್ರೇಕ್ ಕೆಲಸ ಹೊರಗೆ ಕೊಡೋರು ದಯವಿಟ್ಟು ಇದನ್ನ ಪೂರ್ತಿ ಓದಿ. ನಾನು ಗ್ಯಾರೇಜಿಗೆ ಕೊಟ್ಟ ಕೆಲಸ ದೊಡ್ಡದೇನಲ್ಲ: ಮುಂದಿನ ಎರಡೂ ಕ್ಯಾಲಿಪರ್ (ಪ್ಯಾಡ್‌ಗಳನ್ನ ಡಿಸ್ಕ್‌ಗೆ ಒತ್ತೋ ಭಾಗ) ಬಿಚ್ಚಿ ಸೀಲ್ ಬದಲಾಯಿಸೋದು, ಹೊಸ ಬ್ರೇಕ್ ಆಯಿಲ್ ಹಾಕಿ ಬ್ಲೀಡ್ ಮಾಡೋದು, ಅಂದ್ರೆ ಕ್ಯಾಲಿಪರ್ ಮೇಲಿನ ನಿಪ್ಪಲ್ ಅನ್ನೋ ಸಣ್ಣ ತಿರುಪು ಸಡಿಲಿಸಿ ಒಳಗಿನ ಗಾಳಿ ತೆಗೆಯೋದು. "ಟ್ರ್ಯಾಕ್ ಕಾರೇ ನಮ್ಮ ಕಸುಬು, ನೀವು ಯೋಚನೆ ಮಾಡಬೇಡಿ" ಅಂದ್ರು. ಕಾರು ಕೈಗೆ ಬಂದಾಗ ಪೆಡಲ್ ಮೆತ್ತಗೆ, ಅರ್ಧಕ್ಕಿಂತ ಕೆಳಗೆ ಹೋಗಿ ಹಿಡೀತಿತ್ತು. ಕೇಳಿದ್ರೆ, "ಹೊಸ ಸೀಲ್ ಅಲ್ವಾ, ಎರಡು ಲ್ಯಾಪ್ ಹೋಗಿ, ಸೆಟ್ ಆಗತ್ತೆ."

ಸೀಲ್ ಸೆಟ್ ಆಗಿ ಪೆಡಲ್ ಗಟ್ಟಿ ಆಗೋದು ಅಂತ ಒಂದಿಲ್ಲ. ಪೆಡಲ್ ಗ್ಯಾರೇಜಿನಲ್ಲೇ ಗಟ್ಟಿ ಇರಬೇಕು. ಇಲ್ಲದಿದ್ದರೆ ಕಾರು ತಗೋಬೇಡಿ.

ಟ್ರ್ಯಾಕ್‌ನಲ್ಲಿ ಏನಾಗತ್ತೋ ಅದೇ ಆಯ್ತು. ನೇರ ಹಾದಿಯ ಕೊನೆಯಲ್ಲಿ ಒತ್ತಿದರೆ ಪೆಡಲ್ ನೆಲಕ್ಕೆ. ಎರಡು ಸಲ ಪಂಪ್ ಮಾಡಿದ್ಮೇಲೆ ಹಿಡೀತು. ಅವರ ಎರಡನೇ ಉತ್ತರ: "ನೀವು ಜೋರಾಗಿ ಓಡಿಸಿದ್ದೀರಿ, ಆಯಿಲ್ ಕುದ್ದಿದೆ." ಸುಳ್ಳು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ನ ಕುದಿಯುವ ಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ ಕನಿಷ್ಠ 155. ಹಳೇ ಆಯಿಲ್ ಟ್ರ್ಯಾಕ್‌ನಲ್ಲಿ ಕುದಿಯೋದು ನಿಜ. ಆದರೆ ಕುದ್ದರೆ ಶುರುವಿನಲ್ಲಿ ಪೆಡಲ್ ಚೆನ್ನಾಗಿದ್ದು, ಬ್ರೇಕ್ ಕಾದ ಮೇಲೆ ಮೆತ್ತಗಾಗತ್ತೆ. ಬೆಳಿಗ್ಗೆ ತಣ್ಣಗಿರೋವಾಗಲೇ ಮೆತ್ತಗಿರೋ ಪೆಡಲ್‌ಗೂ ಕುದಿಯೋದಕ್ಕೂ ಏನು ಸಂಬಂಧ? ಇದಕ್ಕೆ ಉತ್ತರವೇ ಇಲ್ಲ ಅವರ ಹತ್ರ.

ಮೂರನೇ ಉತ್ತರ ದುಬಾರಿ: "ಮಾಸ್ಟರ್ ಸಿಲಿಂಡರ್ ಹೋಗಿದೆ." ಪೆಡಲ್ ಒತ್ತಿದಾಗ ಆಯಿಲ್‌ನ ಲೈನ್‌ಗೆ ತಳ್ಳೋ ಭಾಗ ಅದು. ಬದಲಾಯಿಸಿ ಬಿಲ್ ಕೊಟ್ರು. ಪೆಡಲ್ ಹಾಗೇ ಇತ್ತು! ಮಾಸ್ಟರ್ ಸಿಲಿಂಡರ್ ಒಳಗೆ ಸೀಲ್ ಸೋರ್ತಿದ್ರೆ, ಎಂಜಿನ್ ಆನ್ ಇಟ್ಟು ಪೆಡಲ್ ಒಂದೇ ಸಮ ಒತ್ತಿ ಹಿಡಿದಾಗ ಅದು ನಿಧಾನಕ್ಕೆ ಕೆಳಗಿಳೀತಾ ಹೋಗತ್ತೆ. ಪಂಪ್ ಮಾಡಿದಾಗ ಮೇಲೆ ಬಂದು ಅಲ್ಲೇ ನಿಂತ್ರೆ ಲೈನ್‌ನಲ್ಲಿ ಗಾಳಿ ಇದೆಯಾ ಅಂತ ಮೊದಲು ನೋಡಬೇಕು. ಅರ್ಧ ನಿಮಿಷದ ಪರೀಕ್ಷೆ. ಅಷ್ಟೂ ಮಾಡದೆ ಪಾರ್ಟ್ ಹಾಕಿದ್ರು.

ಬೇರೆ ಮೆಕ್ಯಾನಿಕ್ ಒಬ್ಬರು ಮುಂದಿನ ಚಕ್ರ ಬಿಚ್ಚಿ ಟಾರ್ಚ್ ಹಿಡಿದು, "ನಿಪ್ಪಲ್ ಎಲ್ಲಿದೆ ನೋಡಿ ಸಾರ್" ಅಂದ್ರು. ಕ್ಯಾಲಿಪರ್‌ನ ಕೆಳಗಡೆ! ರಬ್ಬರ್ ಕ್ಯಾಪ್ ನೆಲ ನೋಡ್ತಾ ಇದೆ, ಆಯಿಲ್ ಬರೋ ಹೋಸ್ ತಿರುಚಿಕೊಂಡಿದೆ. ಎಡಗಡೆ ಕ್ಯಾಲಿಪರ್ ಬಲಕ್ಕೆ, ಬಲಗಡೆದು ಎಡಕ್ಕೆ ಹಾಕಿದ್ದಾರೆ. ಬೋಲ್ಟ್ ಎರಡೂ ಕಡೆ ಸರಿಯಾಗಿ ಕೂರತ್ತೆ, ಅದಕ್ಕೇ ಗೊತ್ತಾಗಲ್ಲ. ಗಾಳಿ ಮೇಲೇರತ್ತೆ, ನಿಪ್ಪಲ್ ಕೆಳಗಿದೆ. ಲೀಟರ್‌ಗಟ್ಟಲೆ ಆಯಿಲ್ ಹರಿಸಿದ್ರೂ ಮೇಲಿನ ಗುಳ್ಳೆ ಅಲ್ಲೇ ಕೂತಿರತ್ತೆ. ಆ ಸ್ಥಿತಿಯಲ್ಲಿ ಕಾರನ್ನ ಟ್ರ್ಯಾಕ್‌ಗೆ ಕಳಿಸಿದ್ರು. ಎಷ್ಟು ಸಿಟ್ಟು ಬರಬೇಡ?

ಅದಲುಬದಲು ಮಾಡಿ, ಹೋಸ್ ನೆಟ್ಟಗೆ ಮಾಡಿ ಬ್ಲೀಡ್ ಮಾಡಿದ್ಮೇಲೆ ಪೆಡಲ್ ಗಟ್ಟಿ. ಅಷ್ಟೇ ಕೆಲಸ ಇದ್ದಿದ್ದು.

ಕಾರು ವಾಪಸ್ ತಗೊಳ್ಳೋವಾಗ ನಾಲ್ಕೂ ನಿಪ್ಪಲ್ ಕ್ಯಾಲಿಪರ್‌ನ ತುದಿಯಲ್ಲಿ, ಮೇಲುಗಡೆ ಇದೆಯಾ ಅಂತ ಕಣ್ಣಾರೆ ನೋಡಿ. ಬ್ಲೀಡ್ ಕ್ರಮ (ಯಾವ ಚಕ್ರ ಮೊದಲು ಅನ್ನೋದು) ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ ಇರೋ ಹಾಗೇ ಇರಲಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಯೂನಿಟ್‌ನೊಳಗೆ ಗಾಳಿ ಹೋಗಿದ್ರೆ ಕೆಲವು ಕಾರುಗಳಿಗೆ ಸ್ಕ್ಯಾನರ್ ಹಾಕಿ ಪಂಪ್ ಓಡಿಸದೆ ಗಾಳಿ ಬರಲ್ಲ. ಸ್ಕ್ಯಾನರ್ ಇದೆಯಾ ಅಂತ ಮೊದಲೇ ಕೇಳಿ.

ಇನ್ನೊಂದು, ಎಲ್ಲದಕ್ಕೂ "ಆಯಿಲ್ ಕುದ್ದಿದೆ" ಅನ್ನೋರಿಗೆ ತಲೆ ಆಡಿಸಬೇಡಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದೂ ಕಾರು ನಿಲ್ತಿಲ್ಲ ಅಂದ್ರೆ ಟ್ರ್ಯಾಕ್‌ನಲ್ಲಿ ಬಹಳ ಸಲ ಪ್ಯಾಡ್ ಅದರ ಮಿತಿ ಮೀರಿ ಕಾದಿರತ್ತೆ, ಬೇರೆ ಕಾಂಪೌಂಡ್‌ನ (ಬೇರೆ ಮಿಶ್ರಣದ) ಪ್ಯಾಡ್ ಬೇಕು. ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿ ಇಳಿದ ಮೇಲೆ ಮಾತ್ರ ಮೊದಲ ಒತ್ತು ಉದ್ದ ಹೋಗಿ ಎರಡನೇದು ಸರಿ ಇದ್ರೆ, ಡಿಸ್ಕ್ ಅಲ್ಲಾಡಿ ಪಿಸ್ಟನ್‌ಗಳನ್ನ ಹಿಂದಕ್ಕೆ ತಳ್ಳಿದೆ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ವೀಲ್ ಬೇರಿಂಗ್‌ನಲ್ಲಿ ಪ್ಲೇ (ಸಡಿಲ) ಇದೆಯಾ ನೋಡಿ. ಸ್ಟೀರಿಂಗ್ ನಡುಗಿದ ತಕ್ಷಣ "ಡಿಸ್ಕ್ ಬೆಂಡ್" ಅಂತಾರೆ. ಬಹಳ ಸಲ ಅದು ಪ್ಯಾಡ್‌ನ ಪದರ ಡಿಸ್ಕ್ ಮೇಲೆ ಒಂದೇ ಸಮ ಅಂಟದೆ ಆಗೋದು. ಡಿಸ್ಕ್ ಎಷ್ಟು ಓಲಾಡತ್ತೆ ಅಂತ ಅಳೆಯೋ ಡಯಲ್ ಗೇಜ್ ಇಟ್ಟು ತೋರಿಸಿ ಅನ್ನಿ, ಆಮೇಲೆ ಡಿಸ್ಕ್ ಮಾತು. ಒಳಗಿನ ಪ್ಯಾಡೂ ಅಳೀರಿ, ಹೊರಗಿನದಷ್ಟೇ ನೋಡಿದ್ರೆ ಸಾಲದು. ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ ಹಿಡ್ಕೊಂಡಿದ್ರೆ ಒಳಗಿನದು ಬೇಗ ಸವೆಯತ್ತೆ. ಪ್ಯಾಡ್ ತೆಳ್ಳಗಾದಷ್ಟೂ ಶಾಖ ನೇರ ಆಯಿಲ್‌ಗೆ ಹೋಗೋದು.

ಕ್ಯಾಲಿಪರ್ ಫೋಟೋ ಕಳಿಸಿದ್ದಕ್ಕೆ ಗ್ಯಾರೇಜಿನವರ ಉತ್ತರ, "ಹುಡುಗರು ಮಾಡಿದ್ದು, ಆದ್ರೆ ಹಾಕಿದ ಪಾರ್ಟ್ ವಾಪಸ್ ಇಲ್ಲ." ಹಾಗಾದ್ರೆ ಹಳೇ ಮಾಸ್ಟರ್ ಸಿಲಿಂಡರ್ ಆದ್ರೂ ಕೊಡಿ ಅಂದ್ರೆ, "ಅದು ಗುಜರಿಗೆ ಹೋಯ್ತು." ದುಡ್ಡು ಕೊಡೋ ಮುಂಚೆ ಬಿಚ್ಚಿದ ಪಾರ್ಟ್ ಕೇಳಿ ತಗೊಳ್ಳಿ.